‘ನಮ್ಮವರೇ’ ಎಂದು ನಂಬುವ ಮೊದಲು: ಟೆಕ್ಸಾಸ್‌ನ ಕನ್ನಡ ಮನೆಗಳಿಗೆ ಹಣದ ಎಚ್ಚರಿಕೆ

ತಮಿಳಿನಲ್ಲಿ ‘ನಣ್ಬನ್’ ಎಂದರೆ ಗೆಳೆಯ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಆ ಹೆಸರಿನ ಹೂಡಿಕೆ ಸಂಸ್ಥೆಯೊಂದಿತ್ತು, ನಣ್ಬನ್ ವೆಂಚರ್ಸ್ ಎಂದು. 2024ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಈ ಸಂಸ್ಥೆಯ ಮೇಲೂ ಅದರ ಮೂವರು ಸ್ಥಾಪಕರ ಮೇಲೂ ಕೋರ್ಟಿನಲ್ಲಿ ದೂರು ಹೂಡಿತು. 350ಕ್ಕೂ ಹೆಚ್ಚು ಜನರಿಂದ ಸುಮಾರು 8.9 ಕೋಟಿ ಡಾಲರ್ ಸಂಗ್ರಹಿಸಿ ವಂಚಿಸಿದ್ದಾರೆ, ಗಳಿಕೆಯನ್ನು ಇದ್ದದ್ದಕ್ಕಿಂತ ಬಹಳ ಹೆಚ್ಚಿಗೆ ಹೇಳಿದ್ದಾರೆ, ಹೊಸಬರು ತಂದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಿದ್ದಾರೆ ಎಂಬುದು ಎಸ್‌ಇಸಿಯ ಆರೋಪ. ದೂರಿನ ಪ್ರಕಾರ ಅವರು ಗುರಿಯಿಟ್ಟದ್ದು ಭಾರತೀಯ ಅಮೆರಿಕನ್ ಸಮುದಾಯದ ಮೇಲೆ, ಅಂದರೆ ನಮ್ಮಂಥವರ ಮೇಲೆ.

ನೀವು ಪ್ಲೇನೋದಲ್ಲಿರಬಹುದು, ಕೇಟಿಯಲ್ಲಿರಬಹುದು, ರೌಂಡ್ ರಾಕ್‌ನಲ್ಲಿರಬಹುದು. ಇಂಥ ಸುದ್ದಿ ಓದಿ ‘ಅಯ್ಯೋ ಪಾಪ’ ಎಂದು ಮುಂದಕ್ಕೆ ಹೋಗಬೇಡಿ. ನಾವೆಲ್ಲ ಈ ದೇಶದಲ್ಲಿ ನೆಲೆ ನಿಂತದ್ದೇ ಒಬ್ಬರನ್ನೊಬ್ಬರು ಕೇಳಿಕೊಂಡು. ಯಾವ ಅಪಾರ್ಟ್‌ಮೆಂಟ್ ಒಳ್ಳೆಯದು, ಯಾವ ವಕೀಲರು ವೀಸಾ ಕೆಲಸ ಸರಿಯಾಗಿ ಮಾಡುತ್ತಾರೆ, ಮಗುವಿಗೆ ಯಾವ ಡಾಕ್ಟರು, ತೆರಿಗೆಗೆ ಯಾವ ಸಿಪಿಎ, ಎಲ್ಲವನ್ನೂ ಸಂಘದ ಯುಗಾದಿ ಊಟದಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಕೇಳಿ ತಿಳಿದವರು ನಾವು. ಆ ನಂಬಿಕೆ ನಮ್ಮ ಬಲ. ಹಣಕ್ಕೆ ಗಾಳ ಹಾಕುವವರಿಗೆ ಅದೇ ಬಲದ ಪರಿಚಯ ಚೆನ್ನಾಗಿದೆ. ಭಾಷೆ, ದೇವಸ್ಥಾನ, ಊರು, ಓದಿದ ಕಾಲೇಜು, ಇವುಗಳ ಮೂಲಕ ಬರುವ ಈ ಬಗೆಯ ಮೋಸಕ್ಕೆ ಎಸ್‌ಇಸಿ ‘ಅಫಿನಿಟಿ ಫ್ರಾಡ್’ ಎಂದು ಪ್ರತ್ಯೇಕ ಹೆಸರನ್ನೇ ಇಟ್ಟಿದೆ.

ಹಾಗಾದರೆ ನಮ್ಮವರನ್ನು ನಂಬುವುದೇ ಬೇಡವೇ? ಖಂಡಿತ ನಂಬಿ. ಆದರೆ ಹಣ ಕೊಡುವಾಗ ಕಾಗದ ನೋಡಿ ಕೊಡಿ. ‘ನೆಂಟಸ್ತನ ಬೇರೆ, ವ್ಯವಹಾರ ಬೇರೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಪರಿಚಿತರು ಹೂಡಿಕೆಯ ಮಾತು ತೆಗೆದಾಗ

ಮೊದಲು ಒಂದು ವಿಷಯ ಗಮನಿಸಿ. ಇಂಥ ಯೋಜನೆಗಳಿಗೆ ನಿಮ್ಮನ್ನು ಕರೆತರುವವರು ಸಾಮಾನ್ಯವಾಗಿ ಮೋಸಗಾರರಲ್ಲ. ತಾವೂ ಹಣ ಹಾಕಿ, ಮೊದಲ ಆರು ತಿಂಗಳು ಸರಿಯಾಗಿ ಲಾಭ ಪಡೆದು, ‘ನೀವೂ ಸೇರಿ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳುವ ಸ್ನೇಹಿತರು ಅವರು. ಮೊದಲ ಕೆಲವು ಕಂತು ಸಮಯಕ್ಕೆ ಬಂತು ಎಂಬುದು ಯಾವುದಕ್ಕೂ ಸಾಕ್ಷಿಯಾಗದು. ಹೊಸಬರ ಹಣದಿಂದ ಹಳಬರಿಗೆ ಕೊಡುವ ಪೊಂಜಿ ಯೋಜನೆ ನಡೆಯುವುದೇ ಮೊದಲ ಕಂತುಗಳ ನಿಯತ್ತಿನ ಮೇಲೆ.

ದೊಡ್ಡ ಕಟ್ಟಡ, ದೊಡ್ಡ ಹೆಸರುಗಳೂ ಸಾಕ್ಷಿಯಲ್ಲ. ಹ್ಯೂಸ್ಟನ್‌ನಲ್ಲಿ ವೈಭವದ ಕಚೇರಿ ಇಟ್ಟುಕೊಂಡಿದ್ದ ಅಲೆನ್ ಸ್ಟ್ಯಾನ್‌ಫರ್ಡ್, ಕೆರಿಬಿಯನ್ ದ್ವೀಪ ಆಂಟಿಗುವಾದ ತನ್ನ ಬ್ಯಾಂಕಿನ ಠೇವಣಿ ಪತ್ರಗಳನ್ನು ಅಮೆರಿಕದ ಬ್ಯಾಂಕುಗಳಿಗಿಂತ ಹೆಚ್ಚು ಬಡ್ಡಿಯ ಆಸೆ ತೋರಿಸಿ ಮಾರಿದ. 2009ರಲ್ಲಿ ಗುಟ್ಟು ಬಯಲಾದಾಗ ವಂಚನೆಯ ಗಾತ್ರ ಸುಮಾರು 700 ಕೋಟಿ ಡಾಲರ್. 2012ರಲ್ಲಿ ಹ್ಯೂಸ್ಟನ್‌ನ ನ್ಯಾಯಾಲಯ ಅವನಿಗೆ 110 ವರ್ಷ ಸೆರೆವಾಸ ವಿಧಿಸಿತು.

ಇನ್ನೊಂದು ಬಲೆ ಸ್ವಲ್ಪ ಸೂಕ್ಷ್ಮವಾದದ್ದು. ‘ಇದು ಎಲ್ಲರಿಗೂ ಸಿಗುವ ಅವಕಾಶವಲ್ಲ, ಅಕ್ರೆಡಿಟೆಡ್ ಇನ್ವೆಸ್ಟರ್‌ಗಳಿಗೆ ಮಾತ್ರ’ ಎಂದಾಗ ಯಾರಿಗಾದರೂ ಹೆಮ್ಮೆ ಅನ್ನಿಸುತ್ತದೆ. ನಿಯಮ ಹೇಳುವುದು ಇಷ್ಟು: ಒಬ್ಬರ ವಾರ್ಷಿಕ ಆದಾಯ 2 ಲಕ್ಷ ಡಾಲರ್, ಅಥವಾ ದಂಪತಿಯದು ಸೇರಿ 3 ಲಕ್ಷ, ಅಥವಾ ವಾಸದ ಮನೆ ಬಿಟ್ಟು 10 ಲಕ್ಷದ ಆಸ್ತಿ ಇದ್ದರೆ ನೀವು ಆ ವರ್ಗದವರು. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿರುವ ಎಷ್ಟೋ ಮನೆಗಳು ಈ ಗೆರೆ ದಾಟುತ್ತವೆ. ಆದರೆ ಇದು ಗೌರವದ ಬಿರುದಲ್ಲ. ‘ಈ ಹಣ ಮುಳುಗಿದರೂ ಇವರು ತಡೆದುಕೊಳ್ಳುತ್ತಾರೆ’ ಎಂದು ಎಣಿಸಿ ಕಾನೂನು ಇಂಥ ಹೂಡಿಕೆಗಳಿಗೆ ಮಾಹಿತಿ ಬಹಿರಂಗಪಡಿಸುವ ನಿಯಮಗಳನ್ನು ಸಡಿಲಿಸಿದೆ. ಅಂದರೆ ರಕ್ಷಣೆ ಕಡಿಮೆಯಾಯಿತು ಎಂದೇ ಅರ್ಥ. ಮಗಳ ಕಾಲೇಜಿಗೆಂದು ಕೂಡಿಟ್ಟದ್ದು ಮುಳುಗಿದರೆ ನಿಮ್ಮ ಮನೆ ತಡೆದುಕೊಳ್ಳುತ್ತದೆಯೇ ಎಂಬುದು ನಿಮಗೆ ಮಾತ್ರ ಗೊತ್ತು.

ಹಣ ಕೊಡುವ ಮೊದಲು ಈ ನಾಲ್ಕು ಕೆಲಸ ಮಾಡಿ. ಅರ್ಧ ಗಂಟೆ ಸಾಕು.

1. ಹಣ ನಿರ್ವಹಿಸುವವರ ಹೆಸರನ್ನು ಫಿನ್ರಾ ಸಂಸ್ಥೆಯ ‘ಬ್ರೋಕರ್‌ಚೆಕ್’ನಲ್ಲೂ ಎಸ್‌ಇಸಿಯ ‘ಇನ್ವೆಸ್ಟರ್ ಡಾಟ್ ಗವ್’ ತಾಣದಲ್ಲೂ ಹುಡುಕಿ. ಎರಡೂ ಉಚಿತ. ಲೈಸೆನ್ಸ್ ಇದೆಯೇ, ಹಿಂದೆ ಶಿಸ್ತುಕ್ರಮ ಆಗಿದೆಯೇ ಎಂಬುದು ಅಲ್ಲಿ ಕಾಣುತ್ತದೆ.
2. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ಸ್ಟೇಟ್ ಸೆಕ್ಯುರಿಟೀಸ್ ಬೋರ್ಡಿಗೆ ಫೋನ್ ಮಾಡಿ ವಿಚಾರಿಸಿ. ಸಾರ್ವಜನಿಕರ ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ಅವರ ಕೆಲಸ.
3. ಲೆಕ್ಕಪತ್ರವನ್ನು ಸ್ವತಂತ್ರ ಆಡಿಟರ್ ನೋಡುತ್ತಾರೆಯೇ, ಹಣ ಯಾವ ಬ್ಯಾಂಕಿನಲ್ಲಿ ಯಾರ ಹೆಸರಿನಲ್ಲಿರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ‘ಅದೆಲ್ಲ ನಾನು ನೋಡ್ಕೋತೀನಿ’ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ.
4. ನಷ್ಟದ ಮಾತೇ ಇಲ್ಲದೆ ತಿಂಗಳು ತಿಂಗಳೂ ಒಂದೇ ಲಾಭ ಎಂದರೆ ಬೇಡ ಅನ್ನಿ. ಮಾರುಕಟ್ಟೆ ಏರಿಳಿಯುತ್ತದೆ. ಏರಿಳಿಯದ ಲಾಭವನ್ನು ಯಾರೋ ಕೂತು ಬರೆಯುತ್ತಿರುತ್ತಾರೆ.

ಆದರೂ ಸ್ನೇಹಿತರಿಗೆ ಮುಖಕ್ಕೆ ಹೇಳುವುದು ಹೇಗೆ ಎಂಬ ಸಂಕೋಚ ನಮಗೆ ದೊಡ್ಡದು. ದಾಕ್ಷಿಣ್ಯಕ್ಕೆ ಬಸಿರಾಗಬಾರದು ಎಂದು ಗಾದೆ ಕಟ್ಟಿದವರೂ ನಾವೇ! ಒಂದು ವಾಕ್ಯವನ್ನು ಮೊದಲೇ ರೂಢಿ ಮಾಡಿಟ್ಟುಕೊಳ್ಳಿ: ‘ಹಣದ ವಿಷಯ ಅಂದ್ರೆ ನಮ್ಮನೇಲಿ ಇಬ್ರೂ ಕೂತು ಕಾಗದ ನೋಡದೆ ಏನೂ ಮಾಡಲ್ಲ, ಬೇಜಾರು ಮಾಡ್ಕೋಬೇಡಿ.’ ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ, ನಿಮ್ಮ ಮನೆಯ ರೀತಿ ಮಾತ್ರ ಇದೆ. ನಿಜವಾದ ಸ್ನೇಹಿತರು ಒಪ್ಪುತ್ತಾರೆ.

‘ಸಾಲ ಮಂಜೂರಾಗಿದೆ’ ಎಂಬ ಕರೆ

2016ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನ ಫೆಡರಲ್ ಕೋರ್ಟಿನಲ್ಲಿ ದೊಡ್ಡದೊಂದು ಮೊಕದ್ದಮೆ ಬಹಿರಂಗವಾಯಿತು. ಆರೋಪಿಗಳು 56 ಜನ ಮತ್ತು ಅಹಮದಾಬಾದಿನ 5 ಕಾಲ್ ಸೆಂಟರುಗಳು. 2018ರ ಜುಲೈನಲ್ಲಿ ಅವರಲ್ಲಿ ಹಲವರಿಗೆ ಶಿಕ್ಷೆಯಾಯಿತು. ಕಾಲ್ ಸೆಂಟರ್ ನಡೆಸಿದ ಪ್ರಮುಖರಲ್ಲೊಬ್ಬನಾದ ಹಿತೇಶ್ ಪಟೇಲ್‌ನನ್ನು ಸಿಂಗಪುರದಿಂದ ಕರೆತಂದು, 2020ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲೇ 20 ವರ್ಷ ಸೆರೆವಾಸ ವಿಧಿಸಲಾಯಿತು.

ಐಆರ್‌ಎಸ್ ಅಧಿಕಾರಿ ಎಂದು ಹೆದರಿಸಿದ ಕರೆಗಳಿಂದ ಈ ಪ್ರಕರಣ ಹೆಸರಾಯಿತು. ಆದರೆ ಅದೇ ಕಾಲ್ ಸೆಂಟರುಗಳು ಇನ್ನೆರಡು ಆಟಗಳನ್ನೂ ಆಡುತ್ತಿದ್ದವು. ಒಂದು, ಯುಎಸ್‌ಸಿಐಎಸ್ ಅಧಿಕಾರಿಯ ವೇಷ: ‘ನಿಮ್ಮ ವಲಸೆ ಕಾಗದದಲ್ಲಿ ತಪ್ಪಿದೆ, ದಂಡ ಕಟ್ಟದಿದ್ದರೆ ಗಡೀಪಾರು’. ಎರಡು, ಸಾಲದ ವೇಷ: ‘ನಿಮಗೆ ಸಾಲ ಮಂಜೂರಾಗಿದೆ, ತೀರಿಸುವ ಶಕ್ತಿ ಇದೆ ಎಂದು ತೋರಿಸಲು ಮೊದಲು ಸ್ವಲ್ಪ ಹಣ ಕಟ್ಟಿ’. ಕಟ್ಟಿದವರಿಗೆ ಸಾಲ ಬರಲಿಲ್ಲ, ಕಟ್ಟಿದ್ದೂ ಹೋಯಿತು.

ಇಂಥ ಕರೆಗಳ ಬಲವಿರುವುದು ನಮ್ಮ ಭಯದಲ್ಲಿ. ಎಚ್-1ಬಿ ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಸಿಗುವ ಕಾಲಾವಕಾಶ ಗರಿಷ್ಠ 60 ದಿನ. ಆ ದಿನಗಳಲ್ಲಿ ಬಾಡಿಗೆ, ಕಾರಿನ ಕಂತು, ಮಗುವಿನ ಡೇಕೇರ್ ಎಂದು ಲೆಕ್ಕ ಹಾಕುತ್ತಾ ಕೂತವರಿಗೆ ‘ಸಾಲ’ ಮತ್ತು ‘ವೀಸಾ’ ಎಂಬ ಎರಡು ಪದ ಕೇಳಿದರೆ ಸಾಕು, ವಿವೇಚನೆ ಕೈಕೊಡುತ್ತದೆ. ಆದ್ದರಿಂದ ನೆಮ್ಮದಿಯಾಗಿರುವಾಗಲೇ ಮನಸ್ಸಿಗೆ ಹಾಕಿಕೊಳ್ಳಬೇಕಾದ ಮಾತುಗಳಿವು. ಫೋನಿನಲ್ಲಿ ಸಾಲ ಸಿಕ್ಕೇ ಸಿಗುತ್ತದೆಂದು ಭರವಸೆ ಕೊಟ್ಟು, ಸಾಲ ಕೈಗೆ ಸೇರುವ ಮುನ್ನವೇ ಅದಕ್ಕೆ ಶುಲ್ಕ ಕೇಳುವುದು ಅಮೆರಿಕದಲ್ಲಿ ಕಾನೂನುಬಾಹಿರ. ಯಾವ ಸರ್ಕಾರಿ ಇಲಾಖೆಯೂ ಗಿಫ್ಟ್ ಕಾರ್ಡಿನಲ್ಲಿ, ಬಿಟ್‌ಕಾಯಿನ್‌ನಲ್ಲಿ, ಜೆಲ್‌ನಲ್ಲಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಫೋನಿನ ಪರದೆಯಲ್ಲಿ ಕಾಣುವ ನಂಬರನ್ನು ನಕಲು ಮಾಡುವುದು ಸುಲಭ. ಫೋನ್ ಇಟ್ಟು, ನಿಮ್ಮ ಕಾರ್ಡಿನ ಹಿಂದೆ ಅಥವಾ ಇಲಾಖೆಯ ತಾಣದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ.

ಕಾನೂನಿನ ಒಳಗಿದ್ದೂ ಕುತ್ತಿಗೆಗೆ ಬರುವ ಸಾಲ

ಮೋಸದ ಸಾಲದಿಂದ ತಪ್ಪಿಸಿಕೊಂಡವರು ಕಾನೂನಿನ ಸಾಲಕ್ಕೆ ಸಿಕ್ಕಿಬೀಳುವುದೂ ಉಂಟು. ಟೆಕ್ಸಾಸ್‌ನ ರಸ್ತೆ ಬದಿಯ ಅಂಗಡಿ ಸಾಲುಗಳಲ್ಲಿ ‘ಪೇಡೇ ಲೋನ್’, ‘ಟೈಟಲ್ ಲೋನ್’ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಇವರು ‘ಕ್ರೆಡಿಟ್ ಆಕ್ಸೆಸ್ ಬಿಸಿನೆಸ್’ ಎಂದು ನೋಂದಾಯಿಸಿಕೊಂಡಿರುತ್ತಾರೆ. ಸಾಲ ಕೊಡುವವರು ಬೇರೆ, ತಾವು ಕೊಡಿಸುವವರು ಮಾತ್ರ ಎಂಬ ನೆಪದಲ್ಲಿ ಬಡ್ಡಿಯ ಮೇಲೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಆ ಶುಲ್ಕಕ್ಕೆ ರಾಜ್ಯದ ಕಾನೂನಿನಲ್ಲಿ ಮಿತಿಯಿಲ್ಲ.

ಒಂದು ಲೆಕ್ಕ ನೋಡಿ. 500 ಡಾಲರ್ ಸಾಲ, ಎರಡು ವಾರಕ್ಕೆ 110 ಡಾಲರ್ ಶುಲ್ಕ ಎಂದಿಟ್ಟುಕೊಳ್ಳಿ. ವರ್ಷದ ಲೆಕ್ಕದಲ್ಲಿ ಅದು ಶೇಕಡಾ 572. ತೀರಿಸಲಾಗದೆ ಶುಲ್ಕ ಮಾತ್ರ ಕಟ್ಟುತ್ತಾ ಹೋದರೆ ಎಂಟು ವಾರಕ್ಕೆ 440 ಡಾಲರ್ ಕೊಟ್ಟಿರುತ್ತೀರಿ, 500 ಡಾಲರ್ ಅಸಲು ಹಾಗೇ ನಿಂತಿರುತ್ತದೆ.

ಇದನ್ನು ಕಂಡೇ ಡಲ್ಲಾಸ್ ಮತ್ತು ಆಸ್ಟಿನ್ 2011ರಲ್ಲೂ ಹ್ಯೂಸ್ಟನ್ 2013ರಲ್ಲೂ ನಗರ ಮಟ್ಟದ ಕಟ್ಟಳೆ ತಂದವು. ಪೇಡೇ ಸಾಲ ನಿಮ್ಮ ತಿಂಗಳ ಒಟ್ಟು ಆದಾಯದ ಶೇಕಡಾ 20ನ್ನು ಮೀರುವಂತಿಲ್ಲ. ಮೂರು ಸಲಕ್ಕಿಂತ ಹೆಚ್ಚು ನವೀಕರಿಸುವಂತಿಲ್ಲ. ಪ್ರತಿ ಸಲವೂ ಅಸಲಿನ ಕಾಲುಭಾಗ ಇಳಿಯಲೇಬೇಕು. ಮೇಲಿನ ಸಾಲವೇ ಈ ನಿಯಮದಡಿ, ಶುಲ್ಕವೂ ಅಸಲಿನ ಜೊತೆ ಇಳಿಯುತ್ತಾ ಹೋದರೆ, ಎಂಟು ವಾರದಲ್ಲಿ 775 ಡಾಲರಿಗೆ ಪೂರ್ತಿ ತೀರುತ್ತದೆ. ಆಗಲೂ ದುಬಾರಿಯೇ, ಆದರೆ ಕೊನೆಯೊಂದಿದೆ. ನಗರದ ಗಡಿ ದಾಟಿದ ಕಡೆ ಇಂಥ ಕಟ್ಟಳೆ ಇರಬೇಕೆಂದಿಲ್ಲ ಎಂಬುದೂ ನೆನಪಿರಲಿ.

ಇಕ್ಕಟ್ಟಿನಲ್ಲಿದ್ದರೆ ಮೊದಲು ಕ್ರೆಡಿಟ್ ಯೂನಿಯನ್ ಬಾಗಿಲು ತಟ್ಟಿ. ಹಲವು ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು ‘ಪೇಡೇ ಆಲ್ಟರ್ನೇಟಿವ್ ಲೋನ್’ ಕೊಡುತ್ತವೆ. ಬಡ್ಡಿ ವರ್ಷಕ್ಕೆ ಶೇಕಡಾ 28ನ್ನು ಮೀರುವಂತಿಲ್ಲ, ಅರ್ಜಿ ಶುಲ್ಕ 20 ಡಾಲರ್ ದಾಟುವಂತಿಲ್ಲ. ಅದಕ್ಕೂ ಮೊದಲು, ಮನೆ ಮಾಲೀಕರಿಗೆ, ಕಾರು ಸಾಲದವರಿಗೆ ಫೋನ್ ಮಾಡಿ ಒಂದು ತಿಂಗಳು ಗಡುವು ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಊರಿನಲ್ಲಿರುವ ಅಪ್ಪ ಅಮ್ಮ

ಇಲ್ಲಿ ನಿಮ್ಮನ್ನು ಹಿಡಿಯಲಾಗದ ಗಾಳ ಅಲ್ಲಿ ನಿಮ್ಮ ತಂದೆತಾಯಿಯನ್ನು ಹಿಡಿಯಬಹುದು. ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಕಥೆ ನಿಮ್ಮಲ್ಲಿ ಕೆಲವರ ಮನೆಯ ಕಥೆಯೇ ಆಗಿರಬಹುದು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ಹಿರಿಯರು ಬಹಳ. ನಂಬಿಕೆಯ ಹೆಸರು, ಬೇರೆ ಬ್ಯಾಂಕಿಗಿಂತ ಹೆಚ್ಚು ಬಡ್ಡಿ, ಬಡಾವಣೆಯವರೆಲ್ಲ ಇಟ್ಟಿದ್ದಾರೆಂಬ ಧೈರ್ಯ, ಇವೇ ಅವರನ್ನು ಅಲ್ಲಿಗೆ ಕರೆದೊಯ್ದವು. ಠೇವಣಿ ವಿಮೆ ಆಗ 1 ಲಕ್ಷ ರೂಪಾಯಿ ಇತ್ತು, 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು. ಈ ಸಲ ವಿಡಿಯೋ ಕಾಲ್ ಮಾಡಿದಾಗ ಅಪ್ಪನನ್ನು ಕೇಳಿ: ಒಂದೇ ಬ್ಯಾಂಕಿನಲ್ಲಿ 5 ಲಕ್ಷಕ್ಕಿಂತ ಹೆಚ್ಚು ಇದೆಯೇ?

ಇನ್ನೊಂದು ‘ಡಿಜಿಟಲ್ ಅರೆಸ್ಟ್’. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ಹಾಕಿ, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಫೋನ್ ಇಡಬೇಡಿ, ಮಕ್ಕಳಿಗೂ ಹೇಳಬೇಡಿ’ ಎಂದು ಗಂಟೆಗಟ್ಟಲೆ ಕೂರಿಸುವ ಆಟ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ಕೇಳಿಸಿದ್ದು ವಿಜಯಪುರದವರೊಬ್ಬರು ಧೈರ್ಯವಾಗಿ ರೆಕಾರ್ಡ್ ಮಾಡಿಕೊಂಡ ಇಂಥದ್ದೇ ಕರೆಯನ್ನು. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ‘ಮಕ್ಕಳಿಗೆ ಹೇಳಬೇಡಿ’ ಎಂಬ ಮಾತು ಬಂದ ಕ್ಷಣವೇ ನಮಗೆ ಫೋನ್ ಮಾಡಬೇಕು, ಇಲ್ಲಿ ಮಧ್ಯರಾತ್ರಿಯಾಗಿದ್ದರೂ ಪರವಾಗಿಲ್ಲ ಎಂದು ಅವರಿಗೆ ಹೇಳಿಡಿ. ದೂರಿಗೆ ಭಾರತದ ಸಹಾಯವಾಣಿ 1930. ಅಮ್ಮನ ಫ್ರಿಜ್ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿ.

ಮಕ್ಕಳಿಗೆ ಹಣದ ಕನ್ನಡ

ನಮ್ಮ ಮಕ್ಕಳ ಕನ್ನಡದಲ್ಲಿ ಊಟ ತಿಂಡಿಯ ಪದಗಳಿವೆ, ಹಬ್ಬದ ಪದಗಳಿವೆ, ಹಣದ ಪದಗಳು ಕಡಿಮೆ. ಮಕ್ಕಳೆದುರು ಹಣದ ಮಾತನ್ನೇ ಎತ್ತದಿರುವುದು ಇದಕ್ಕೆ ಕಾರಣ. ಸಾಲ, ಅಸಲು, ಬಡ್ಡಿ, ಚಕ್ರಬಡ್ಡಿ, ಕಂತು, ಮುಂಗಡ, ಒತ್ತೆ, ಜಾಮೀನು. ವಾರಕ್ಕೊಂದು ಪದ ಹಿಡಿದರೆ ಎರಡು ತಿಂಗಳ ಆಟ. ಹತ್ತು ವರ್ಷದ ಮಗುವಿಗೆ 10 ಡಾಲರ್ ಸಾಲ ಕೊಟ್ಟು, ವಾರಕ್ಕೆ 2 ಡಾಲರ್ ಬಡ್ಡಿ ಎಂದು ಕಾಗದದಲ್ಲಿ ಬರೆಸಿ. ಐದನೇ ವಾರ ಬಡ್ಡಿಯೇ 10 ಡಾಲರ್ ಆಗಿ, ಅಸಲು ಇನ್ನೂ ಉಳಿದಿದೆ ಎಂದು ಗೊತ್ತಾದಾಗ ಅದರ ಮುಖ ನೋಡಿ! ಆಮೇಲೆ ಸಾಲ ಮನ್ನಾ ಮಾಡಿಬಿಡಿ. ಕಾಲೇಜಿಗೆ ಹೊರಟಿರುವ ಮಗನಿಗೆ ‘ಜಾಮೀನು’ ಎಂದರೆ ಗೆಳೆಯ ಕಟ್ಟದಿದ್ದರೆ ತಾನು ಕಟ್ಟಬೇಕಾದ ಸಹಿ ಎಂದು ಬಿಡಿಸಿ ಹೇಳಿ.

ಯುಟಿ ಆಸ್ಟಿನ್, ಯುಟಿ ಡಲ್ಲಾಸ್, ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳಿಗೆ ನಕಲಿ ಚೆಕ್ಕಿನ ವಿಷಯವೂ ಗೊತ್ತಿರಲಿ. ಯಾರೋ ಕೆಲಸ ಕೊಡುತ್ತೇವೆಂದು ಚೆಕ್ ಕಳಿಸಿ, ಅದರಲ್ಲಿ ಸ್ವಲ್ಪ ವಾಪಸ್ ಕಳಿಸಲು ಹೇಳುತ್ತಾರೆ. ಖಾತೆಯಲ್ಲಿ ಹಣ ಕಂಡಿತೆಂದರೆ ಚೆಕ್ ನಿಜವೆಂದಲ್ಲ. ವಾರಗಳ ನಂತರವೂ ಅದು ವಾಪಸಾಗಬಹುದು, ಆಗ ಬ್ಯಾಂಕು ಆ ಹಣವನ್ನು ನಿಮ್ಮ ಮಗುವಿನ ಖಾತೆಯಿಂದಲೇ ವಸೂಲು ಮಾಡುತ್ತದೆ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿಯ ವರದಿಗಳ ಪ್ರಕಾರ ಇಪ್ಪತ್ತರ ಹರೆಯದವರು ಎಪ್ಪತ್ತು ದಾಟಿದವರಿಗಿಂತ ಹೆಚ್ಚು ಸಲ ಮೋಸ ಹೋಗುತ್ತಾರೆ. ಹಿರಿಯರು ಕಳೆದುಕೊಳ್ಳುವ ಮೊತ್ತ ದೊಡ್ಡದು, ಅಷ್ಟೇ ವ್ಯತ್ಯಾಸ.

ಪುಟ್ಟ ಮಕ್ಕಳ ಸೋಷಿಯಲ್ ಸೆಕ್ಯುರಿಟಿ ನಂಬರಿಗೂ ಬೀಗ ಬೇಕು. ಆ ನಂಬರಿನಲ್ಲಿ ಯಾರಾದರೂ ಸಾಲ ತೆಗೆದರೆ ಮಗು ಕಾಲೇಜಿಗೆ ಹೋಗುವವರೆಗೂ ಗೊತ್ತಾಗದಿರಬಹುದು. 2018ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಫ್ರೀಜ್ ಉಚಿತ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಪ್ರತ್ಯೇಕವಾಗಿ ಮಾಡಿಸಬೇಕು. 16 ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿ ಮಾಡಿಸಬಹುದು, ಜನನ ಪ್ರಮಾಣಪತ್ರದಂಥ ದಾಖಲೆಗಳ ಪ್ರತಿ ಬೇಕಾಗುತ್ತದೆ. ಸಾಲ ಬೇಕಾದಾಗ ಬೀಗ ತೆಗೆಸುವುದೂ ಉಚಿತ.

ಕೊನೆಯದಾಗಿ, ಮನೆಗೊಂದು ಗುಟ್ಟಿನ ಕನ್ನಡ ಪದ ಇರಲಿ. ಮಗುವಿನ ಧ್ವನಿಯನ್ನೇ ಯಂತ್ರದಿಂದ ನಕಲು ಮಾಡಿ ‘ಅಮ್ಮಾ, ಅಪಘಾತ ಆಗಿದೆ, ಹಣ ಕಳಿಸು’ ಎನ್ನಿಸುವ ಕರೆಗಳ ಬಗ್ಗೆ ಎಫ್‌ಟಿಸಿ 2023ರಲ್ಲೇ ಎಚ್ಚರಿಸಿದೆ. ಅಂಥ ಕರೆ ಬಂದರೆ ಪದ ಕೇಳಿ. ಅಜ್ಜಿ ಮಾತ್ರ ಬಳಸುವ ಅಡುಗೆಮನೆಯ ಪದವೋ, ಮಕ್ಕಳು ತಾವೇ ಕಟ್ಟಿದ ತಮಾಷೆಯ ಪದವೋ ಆಗಲಿ. ಫೋನಿನಲ್ಲಿ, ಮೆಸೇಜಿನಲ್ಲಿ ಬರೆದಿಡಬೇಡಿ, ಊಟದ ಮೇಜಿನಲ್ಲಿ ಬಾಯಿಮಾತಿನಲ್ಲೇ ಕಲಿಸಿ.

ಹಣ ಹೋಗಿದ್ದರೆ

ಮೊದಲ ಕೆಲವು ಗಂಟೆಗಳೇ ಮುಖ್ಯ. ಬ್ಯಾಂಕಿನ ವಂಚನೆ ವಿಭಾಗಕ್ಕೆ ಕೂಡಲೇ ಫೋನ್ ಮಾಡಿ, ವೈರ್ ಆಗಿದ್ದರೆ ಹಿಂಪಡೆಯಲು ಕೇಳಿ. ಎಫ್‌ಬಿಐನ ‘ಐಸಿ3’ ತಾಣದಲ್ಲಿ, ಎಫ್‌ಟಿಸಿಯಲ್ಲಿ ದೂರು ಬರೆಯಿರಿ. ಗುರುತಿನ ಕಳವಾದರೆ ‘ಐಡೆಂಟಿಟಿ ಥೆಫ್ಟ್ ಡಾಟ್ ಗವ್’, ಹೂಡಿಕೆಯಾದರೆ ಟೆಕ್ಸಾಸ್ ಸೆಕ್ಯುರಿಟೀಸ್ ಬೋರ್ಡ್, ಸಾಲದ ವಿಷಯವಾದರೆ ರಾಜ್ಯದ ಆಫೀಸ್ ಆಫ್ ಕನ್ಸ್ಯೂಮರ್ ಕ್ರೆಡಿಟ್ ಕಮಿಷನರ್. ಮೆಸೇಜು, ರಸೀದಿ, ಫೋನ್ ನಂಬರು ಯಾವುದನ್ನೂ ಅಳಿಸಬೇಡಿ. ‘ಶುಲ್ಕ ಕೊಟ್ಟರೆ ಹೋದ ಹಣ ತಂದುಕೊಡುತ್ತೇವೆ’ ಎಂದು ಬರುವವರು ಎರಡನೇ ಸುತ್ತಿನ ಕಳ್ಳರು.

ಎಲ್ಲಕ್ಕಿಂತ ಹೆಚ್ಚಾಗಿ, ಮನೆಯವರಿಗೆ ಹೇಳಿ. ‘ಜನ ಏನಂದಾರು’ ಎಂದು ಮುಚ್ಚಿಡುವ ಪ್ರತಿಯೊಂದು ಮನೆಯಿಂದ ಮೋಸಗಾರರಿಗೆ ಇನ್ನೊಂದು ಮನೆ ಸಿಗುತ್ತದೆ. ಹಣ ಕಳೆದುಕೊಂಡು ಬಂದ ಮಗನನ್ನೋ ಅತ್ತೆಯನ್ನೋ ‘ಅಷ್ಟೂ ಗೊತ್ತಾಗಲಿಲ್ವಾ?’ ಎಂದು ನೀವು ಬೈದರೆ, ಮುಂದಿನ ಸಲ ಅವರು ನಿಮಗೆ ಹೇಳುವುದಿಲ್ಲ. ‘ಹೇಳಿದ್ದು ಒಳ್ಳೇದಾಯ್ತು, ಬಾ, ಕೂತು ಬ್ಯಾಂಕಿಗೆ ಫೋನ್ ಮಾಡೋಣ’ ಎನ್ನಿ. ಹೋದದ್ದರಲ್ಲಿ ಸ್ವಲ್ಪವಾದರೂ ಉಳಿಯುವ ದಾರಿ ಆ ಮಾತಿನಿಂದ ಶುರುವಾಗುತ್ತದೆ.